ನಮ್ಮ ಸಾವಕಾರ್ರ ಡಾಲರ್ ಖಾತೆ

ಊರ ರೊಕ್ಕ ಸದ್ದಿಲ್ಲದೆ ಬರುತ್ತದೆ, ಸದ್ದಿಲ್ಲದೆ ಹೋಗುತ್ತದೆ. ಪರದೇಶದ ರೊಕ್ಕ ಬಂತೆಂದರೆ ಮಾತ್ರ ನಮ್ಮ ಅಂಗಡಿಯಲ್ಲಿ ಏನಾದರೊಂದು ಫಜೀತಿ ಆಗಲೇಬೇಕು. ಆಗದಿದ್ದ ದಿನ ನನಗೇ ಸಂಶಯ ಬರುತ್ತದೆ, ರೊಕ್ಕ ಖರೇನ ಬಂತೋ ಇಲ್ಲೋ ಅಂತ.

ನಾನು ಬೆಟಗೇರಿಯ ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಅಂಗಡಿ ನಮ್ಮ ಸಾವಕಾರ್ರ ಅಜ್ಜ ಹಾಕಿದ್ದು. ಸೀರೆ ಮಾರಿಕೊಂಡು ಸುಖವಾಗಿದ್ದೆವು. ಒಂದು ದಿನ ಗದಗಿನ ಗುಡಿ ನೋಡಲು ಬಂದಿದ್ದ ಜರ್ಮನಿಯ ಹೆಣ್ಣುಮಗಳೊಬ್ಬಳು ದಾರಿ ತಪ್ಪಿ ನಮ್ಮ ಓಣಿಗೆ ಬಂದಳು. ಅಂಗಡಿಯ ಮೆಟ್ಟಿಲ ಹತ್ತಿರ ನಿಂತು ಸಾವಕಾರ್ರ ಕಡೆಗೇ ಬೆರಳು ಮಾಡಿ, "ಇದಕ್ಕೆಷ್ಟು?" ಅಂದಳು. ಸಾವಕಾರ್ರು ಗಾಬರಿಯಾದರು. ಆಮೇಲೆ ತಿಳಿಯಿತು, ಆಕೆ ಕೇಳಿದ್ದು ಅವರು ಕೂತಿದ್ದ ಕೌದಿಯನ್ನು. ಹಳೇ ಸೀರೆಗಳನ್ನು ಪದರ ಪದರ ಹಾಸಿ, ಕೈಯಿಂದ ಒತ್ತೊತ್ತಾಗಿ ಹೊಲಿದ ಸಾದಾ ಕೌದಿ. ಸಾವಕಾರ್ರು ಎದ್ದು ಜಾಡಿಸಿ ಕೊಟ್ಟರು.

ಆಕೆ ಊರಿಗೆ ಹೋದವಳು ಇನ್ನಷ್ಟು ಬೇಕು ಅಂತ ಬರೆದಳು. ಹೀಗೆ ನಮ್ಮ ರಫ್ತು ಶುರುವಾಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಡೋಣಿಯ ಹೆಣ್ಣುಮಕ್ಕಳು ಹೊಲಿಯುತ್ತಾರೆ, ನಾವು ಕಳಿಸುತ್ತೇವೆ. ರೊಕ್ಕ ಬರಲಿಕ್ಕೆ ಗದಗಿನ ಬ್ಯಾಂಕೊಂದರಲ್ಲಿ ಬೇರೆಯೇ ಒಂದು ಖಾತೆ ತೆರೆದೆವು. ಹೊರದೇಶಕ್ಕೆ ಮಾಲು ಕಳಿಸುವವರು ತಮಗೆ ಬಂದ ಪರದೇಶದ ರೊಕ್ಕವನ್ನು ಹಾಗೆಯೇ ಇಟ್ಟುಕೊಳ್ಳುವ ಖಾತೆ ಅದು. ಆದರೆ ಬಹಳ ದಿನ ಇಡುವ ಹಾಗಿಲ್ಲ, ಬಂದ ತಿಂಗಳ ಮುಂದಿನ ತಿಂಗಳು ಮುಗಿಯುವುದರೊಳಗೆ ರೂಪಾಯಿ ಮಾಡಿಸಿಕೊಳ್ಳಬೇಕು.

ಜರ್ಮನಿಯಾಕೆ, "ಯೂರೋದಲ್ಲಿ ಕೊಡಲೇ?" ಅಂತ ಕೇಳಿದ್ದಳು.

"ಬ್ಯಾಡ ಬ್ಯಾಡ, ಡಾಲರ್‌ನ್ಯಾಗ ಕೊಡಂತ ಬರಿ ತಂಗೀ," ಅಂದರು ಸಾವಕಾರ್ರು. "ಯೂರೋ ಬಂತಂದ್ರ ನಮ್ಮ ಓಣ್ಯಾಗ ಯಾರಿಗೂ ತಿಳಿಯಂಗಿಲ್ಲ. ಬಂದೂ ಬರದಂಗ."

ದರ್ಶನ

ಮೊದಲ ಸಲ ಡಾಲರ್ ಬಂದಾಗ ದೀಪಾವಳಿ ಹತ್ತಿರವಿತ್ತು. ಸಾವಕಾರ್ರ ಮನೆಯವರನ್ನು ನಾವೆಲ್ಲ ಅಕ್ಕಾರು ಅನ್ನುತ್ತೇವೆ. ಅವರು ಗಂಡನಿಗೆ ಹೇಳಿದರು, "ಈ ವರ್ಷ ಲಕ್ಷ್ಮೀ ಪೂಜಾಕ್ಕ ಆ ಹೊಸಾ ರೊಕ್ಕಾನ ಇಡೂಣು. ಒಂದೆರಡು ಮನಿಗೆ ತರ್ರಿ."

ಸಾವಕಾರ್ರು ಇಸ್ತ್ರಿ ಮಾಡಿದ ಧೋತರ ಉಟ್ಟು, ನನ್ನನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದರು. ಅಲ್ಲಿ ಪರದೇಶದ ರೊಕ್ಕ ನೋಡಿಕೊಳ್ಳುವ ಅಧಿಕಾರಿ ಉಡುಪಿ ಕಡೆಯ ಹುಡುಗ. ಬಹಳ ಸಂಭಾವಿತ. ನಮ್ಮ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು, ಅವನದು ನಮಗೆ ಅರ್ಧ.

"ನಮ್ಮ ಡಾಲರ್ ಒಂದೀಟು ತೋರಸ್ರಿ," ಅಂದರು ಸಾವಕಾರ್ರು.

ಅಧಿಕಾರಿ ಕಂಪ್ಯೂಟರ್ ಪರದೆಯನ್ನು ಇತ್ತ ತಿರುಗಿಸಿದ. "ಇಲ್ಲಿ ನೋಡಿ, ಉಂಟಲ್ಲ."

"ಇದು ನಂಬರ್. ನೋಟ ಎಲ್ಲದಾವು?"

"ನೋಟು ಇಲ್ಲ ಸಾರ್. ಈ ಖಾತೆಯಿಂದ ಡಾಲರ್ ನೋಟು ಕೊಡ್ಲಿಕ್ಕೆ ಬರುದಿಲ್ಲ."

"ಕೊಡಬ್ಯಾಡ್ರಿ. ತೋರಸ್ರಿ. ತಿಜೋರಿ ಬಾಗಲಾ ತಗದು ದೂರಿಂದ ತೋರಿಸಿದ್ರ ಸಾಕು. ಕೈ ಮುಗದು ಹೊಕ್ಕೇವಿ."

"ತಿಜೋರಿಯಲ್ಲೂ ಇಲ್ಲ ಮಾರಾಯ್ರೆ. ಡಾಲರ್ ಅಮೆರಿಕದಲ್ಲೇ ಉಂಟು. ಅದು ಅಲ್ಲಿಂದ ಹೊರಡುದೇ ಇಲ್ಲ. ಅಲ್ಲಿಯ ಒಂದು ಬ್ಯಾಂಕಲ್ಲಿ ನಮ್ಮ ಬ್ಯಾಂಕಿನ ಖಾತೆ ಉಂಟು, ಅದರಲ್ಲಿ ಬಂದು ಕೂತಿದೆ. ಇಲ್ಲಿ ನಾವು ನಿಮ್ಮ ಹೆಸರಲ್ಲಿ ಬರೆದುಕೊಂಡಿದ್ದೇವೆ, ಅಷ್ಟೇ."

ಸಾವಕಾರ್ರು ನನ್ನ ಕಡೆ ತಿರುಗಿದರು.

"ತಂಗೀ, ನಮ್ಮ ಕೌದಿ ಹೋಗ್ಯಾವು?"

"ಹೋಗ್ಯಾವ್ರಿ."

"ಅಕೀಗೆ ಮುಟ್ಟ್ಯಾವು?"

"ಮುಟ್ಟ್ಯಾವ್ರಿ."

"ರೊಕ್ಕ ಅಮೆರಿಕದಾಗ ಐತಿ?"

"ಅಲ್ಲೇ ಐತ್ರಿ."

"ಹಂಗಾರ ನನಗ ಬಂದದ್ದೇನು?"

ಅಧಿಕಾರಿ ಪಾಪ, ಸರಿಯಾಗೇ ಹೇಳಿದ. "ಮೆಸೇಜು ಸಾರ್."

ಬೇರೆ ದಾರಿಯಿಲ್ಲದೆ ಅಕ್ಕಾರು ಆ ಮೆಸೇಜಿಗೇ ಪೂಜೆ ಮಾಡಿದರು. ಬೆಳ್ಳಿ ತಟ್ಟೆಯಲ್ಲಿ ಮೊಬೈಲ್, ಮೊಬೈಲಿನ ಮೇಲೆ ಚೆಂಡುಹೂವು, ಪರದೆಯ ಮೇಲೆ ಕುಂಕುಮ. ಸದ್ದು ಬರಬಾರದೆಂದು ಸಾವಕಾರ್ರು ಗಂಟೆ ಬಂದ್ ಮಾಡಿ, ಬರೀ ನಡುಗುವ ಹಾಗೆ ಇಟ್ಟಿದ್ದರು. ನಾವೆಲ್ಲ ನಿಂತು ಆರತಿ ಹಾಡುತ್ತಿದ್ದಾಗ ಮೊಬೈಲ್ ಗಡಗಡ ನಡುಗಿ ತಟ್ಟೆಯಲ್ಲಿ ತಿರುಗತೊಡಗಿತು.

"ಲಕ್ಷ್ಮೀ ಮೈದುಂಬಿದ್ಲು ನೋಡ್ರಿ!" ಅಂತ ಅಕ್ಕಾರು ಕೈಮುಗಿದರು. ಸಾವಕಾರ್ರು ಭಕ್ತಿಯಿಂದ ಎತ್ತಿ ಕಣ್ಣಿಗೊತ್ತಿಕೊಂಡು ಕಿವಿಗಿಟ್ಟುಕೊಂಡರು. ಒಳಗಿಂದ ಹೆಣ್ಣು ದನಿಯೊಂದು ಇಂಪಾಗಿ ಕೇಳಿತು.

"ಸರ್, ಸಾಲ ಬೇಕಾಗಿತ್ತಾ?"

ನಡುವ ತಿಂದವರು

ಎರಡನೇ ಸಲ ಜರ್ಮನಿಯಾಕೆ ಬಿಲ್ಲಿನಷ್ಟು ಪೂರಾ ಡಾಲರ್ ಕಳಿಸಿದಳು. ಇಲ್ಲಿಗೆ ಬಂದಾಗ ಒಂದಿಷ್ಟು ಕಡಿಮೆ ಇದ್ದವು.

"ನಡುವ ಯಾವನೋ ತಿಂದಾನ," ಅಂತ ಸಾವಕಾರ್ರು ಬ್ಯಾಂಕಿಗೆ ನಡೆದರು.

"ನಡುವಿನ ಬ್ಯಾಂಕಿನವರು ಅವರ ಚಾರ್ಜು ಹಿಡಿದುಕೊಳ್ತಾರೆ ಸಾರ್," ಅಂದ ಅಧಿಕಾರಿ.

"ನಡುವ ಅಂದ್ರ ಯಾವ ಊರು?"

"ನ್ಯೂಯಾರ್ಕ್. ಡಾಲರ್ ಎಲ್ಲಿಂದ ಹೊರಟರೂ ಅಲ್ಲಿ ಹೋಗಿಯೇ ಬರಬೇಕು."

"ಜರ್ಮನಿಯಿಂದ ಗದಗಕ್ಕ ಬರಾಕ ನ್ಯೂಯಾರ್ಕ್ ಯಾಕ ಹಾಯಬೇಕ್ರಿ? ಗದಗಿಂದ ಮುಂಡರಗಿಗೆ ಹೊಂಟಾಂವ ಹುಬ್ಬಳ್ಳಿ ಬಸ್ಸ ಹತ್ತಿದಂಗಾತು!"

ಅಧಿಕಾರಿ ಒಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದ. ಸಾವಕಾರ್ರು ಚಿತ್ರವನ್ನು ಪೂರಾ ನೋಡಿ, ನನಗೆ ಹೇಳಿದರು, "ಅಕೀಗೆ ಬರಿ ತಂಗೀ. ಇನ್ನ ಮ್ಯಾಲ ರೊಕ್ಕ ನಾನ್‌ಸ್ಟಾಪ್ ಗಾಡ್ಯಾಗ ಹಾಕಂತ ಹೇಳು."

ನಾನು ಚೇಷ್ಟೆಗೆ ಅಂತ ಹಾಗೇ ಬರೆದೆ. ಜರ್ಮನಿಯವರಿಗೆ ಚೇಷ್ಟೆ ತಿಳಿಯುವುದಿಲ್ಲ ಅನ್ನುವುದು ಗೊತ್ತಿರಲಿಲ್ಲ. ಮುಂದಿನ ಸಲ ಆಕೆ ರೊಕ್ಕ ಕಳಿಸುವಾಗ ಷರಾ ಬರೆಯುವ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ 'ನಾನ್‌ಸ್ಟಾಪ್' ಅಂತ ಬರೆದಿದ್ದಳು. ಹಿಂಗಂದ್ರ ಏನು ಅಂತ ನಡುವಿನ ಬ್ಯಾಂಕಿನವರು ವಿಚಾರಣೆ ಮಾಡಿದರು. ವಿಚಾರಣೆಗೂ ಚಾರ್ಜು ಹಿಡಿದರು.

ಅರ್ಧ ಪೇಡೆ

ಮುಂದೆ ಜಪಾನಿನ ಒಂದು ಅಂಗಡಿಯವರು ಕೌದಿ ಕೇಳಿದರು. ತಮ್ಮ ದೇಶದ ಯೆನ್‌ನಲ್ಲೇ ಕೊಡುತ್ತೇವೆ ಅಂದರು. ನಾನು ಯೆನ್‌ನಲ್ಲೇ ಬಿಲ್ಲು ಮಾಡಿದೆ. ಸಾವಕಾರ್ರಿಗೆ ಹೇಳಿಯೂ ಇದ್ದೆ. ಆಗ ಅವರು ಮದುವೆ ಸೀರೆಯ ಗಿರಾಕಿಯ ಜೊತೆ ಜಗ್ಗಾಡುತ್ತಿದ್ದರು. "ಹೂಂ ಹೂಂ" ಅಂದರು.

ರೊಕ್ಕ ಬಂದ ದಿನ ನಾನು ಮುಳಗುಂದಕ್ಕೆ ತಂಗಿಯ ಮಗಳನ್ನು ನೋಡಲು ಬರುವವರಿದ್ದಾರೆಂದು ಹೋಗಿದ್ದೆ. ಸಾವಕಾರ್ರ ಮೊಬೈಲಿಗೆ ಮೆಸೇಜ್ ಬಂತು. ಹಿಂದೆ ಡಾಲರ್ ಬಂದಾಗ ನಾಲ್ಕಂಕಿ ಇರುತ್ತಿತ್ತು. ಈಗ ನೋಡಿದರೆ ಆರಂಕಿ.

ಆರಂಕಿ! ಪರದೇಶದ ರೊಕ್ಕ! ಅಂದ ಮೇಲೆ ಒಂದಕ್ಕೆ ಎಂಬತ್ತರ ಮೇಲೆ! ಸಾವಕಾರ್ರು ಮನಸ್ಸಿನಲ್ಲೇ ಗುಣಾಕಾರ ಹಾಕಿ, ಎರಡು ಸಲ ಹಾಕಿ, ಕೆಳಗೆ ಕೂತುಬಿಟ್ಟರಂತೆ. ಆಮೇಲೆ ಎದ್ದು ಪೇಡೆ ತರಿಸಿದರು. ಒಂದು ಡಬ್ಬಿ ಅಲ್ಲ, ಮಿಠಾಯಿ ಅಂಗಡಿಯಲ್ಲಿದ್ದಷ್ಟೂ. ಓಣಿಯ ಈ ತುದಿಯ ಹಿಟ್ಟಿನ ಗಿರಣಿಯಿಂದ ಆ ತುದಿಯ ಸೈಕಲ್ ರಿಪೇರಿಯವನ ತನಕ ಎಲ್ಲರಿಗೂ ಕೈಯಾರೆ ಹಂಚಿದರು. "ಜಪಾನದವ್ರು ನಮ್ಮನ್ನ ಎತ್ತಿಬಿಟ್ರೋ!" ಅಂದರು. ಅಕ್ಕಾರಿಗೆ ಫೋನ್ ಮಾಡಿ, "ಬಂಗಾರದಂಗಡಿಗೆ ಹೋಗಿ ಕುಂಡ್ರು, ನಾ ಬರ್ತೇನಿ," ಅಂದರು. ಆಮೇಲೆ ನನಗೆ ಮಾಡಿದರು.

"ತಂಗೀ, ಎಲ್ಲಿದ್ದೀ? ಅಲ್ಲೇ ನಿಲ್ಲು. ಏನರ ಹಿಡಕೊಂಡು ನಿಲ್ಲು," ಅಂತ ಅಂಕಿ ಹೇಳಿದರು.

"ಹೌದ್ರಿ, ಬಿಲ್ಲಿನಷ್ಟ ಬಂದೈತಿ. ಅದು ಯೆನ್ ರೀ."

"ಏನೋ ಒಂದು. ಒಂದಕ್ಕ ಎಷ್ಟ ರೂಪಾಯಿ?"

"ಒಂದಕ್ಕ ರೂಪಾಯಿ ಬರಂಗಿಲ್ರಿ. ಎಂಟಾಣೆ, ಒಂಬತ್ತಾಣೆ ಬರಬಹುದು."

ಫೋನಿನಲ್ಲಿ ಬಹಳ ಹೊತ್ತು ಗಿರಣಿಯ ಸದ್ದಷ್ಟೇ ಕೇಳಿತು. ಆಮೇಲೆ ಸಾವಕಾರ್ರ ದನಿ ಬಂತು, ಬಾವಿಯೊಳಗಿಂದ ಬಂದ ಹಾಗೆ. "ಅಷ್ಟ ದೊಡ್ಡ ದೇಶ. ರೈಲ ಹಂಗ ಓಡಸ್ತಾರ. ಅವರ ರೊಕ್ಕ ನಮ್ಮ ಎಂಟಾಣೆ?"

"ಮೊದಲು ಅಕ್ಕಾರಿಗೆ ಫೋನ್ ಮಾಡ್ರಿ," ಅಂದೆ.

ಅಕ್ಕಾರು ಆಗಲೇ ಬಂಗಾರದಂಗಡಿಯಲ್ಲಿ ಕೂತು ಬಳೆ ಕೈಗೇರಿಸಿದ್ದರು. ಅವು ಸೋಪಿನ ನೀರು ಹಾಕಿದರೂ ಬೇಗ ಹೊರಗೆ ಬರಲಿಲ್ಲವಂತೆ. ಅದು ಅವರ ಮನೆಯ ವಿಷಯ, ನಾನು ಬರೆಯುವುದಿಲ್ಲ.

ಓಣಿಯಲ್ಲಿ ಮಾತ್ರ ಸುದ್ದಿ ನಿಲ್ಲಲಿಲ್ಲ. ಸಂಜೆ ಸೈಕಲ್ ರಿಪೇರಿಯವನು ಅಂಗಡಿಗೆ ಬಂದ. ಕೈಯಲ್ಲಿ ಕಾಗದ, ಅದರಲ್ಲಿ ಕಚ್ಚಿದ ಅರ್ಧ ಪೇಡೆ.

"ಸಾವಕಾರ್ರ, ನಿಮಗ ಅರ್ಧಾನ ಬಂತಂತಲ್ರಿ," ಅಂದ. "ಉಳಿದ ಅರ್ಧಾ ನೀವ ಇಟ್ಕೋರಿ."

ಕುವೈತಿನ ಸಿಟ್ಟು

ಈ ಪೆಟ್ಟಿನಿಂದ ಸಾವಕಾರ್ರು ಒಂದು ಪಾಠ ಕಲಿತರು. ಪರದೇಶದ ರೊಕ್ಕ ಎಷ್ಟೇ ಬರಲಿ, ಅದರರ್ಧ ಅಂತ ತಿಳಿದುಕೊಳ್ಳಬೇಕು. ಈ ಪಾಠ ಕಲಿತ ವಾರದಲ್ಲೇ ಕುವೈತಿನಿಂದ ರೊಕ್ಕ ಬಂತು.

ಕುವೈತಿನ ಅಂಗಡಿಯವನು ಒಂದು ದೊಡ್ಡ ಗಂಟು ಕೌದಿ ತರಿಸಿಕೊಂಡಿದ್ದ. ಆಗಲೇ ಸಾವಕಾರ್ರಿಗೆ ಅನುಮಾನವಿತ್ತು. "ಅಷ್ಟ ಬಿಸಲಾಗ ಕೌದಿ ಯಾಕ ಬೇಕು ತಂಗೀ?"

"ಎಸಿ ಹಚ್ಚಿಕೊಂಡು, ಥಂಡಿ ಆತಂತ ಕೌದಿ ಹೊಚ್ಕೋತಾರಂತ್ರಿ."

"ಎಸಿ ಬಂದ್ ಮಾಡಿದ್ರ ಆಗಂಗಿಲ್ಲೇನು?"

"ಹಂಗ ಮಾಡಿದ್ರ ನಮ್ಮ ಕೌದಿ ಯಾರು ತಗೋತಾರ್ರಿ?"

ಆ ಅಂಗಡಿಯವನು ರೊಕ್ಕ ಕಟ್ಟಿ, ಚೀಟಿಯ ಫೋಟೋವನ್ನು ಸೀದಾ ಸಾವಕಾರ್ರಿಗೆ ಕಳಿಸಿದ. ಅದರಲ್ಲಿದ್ದದ್ದು ಮೂರಂಕಿ. ಒಂಬೈನೂರು ಚಿಲ್ಲರೆ ದಿನಾರ್.

ಸಾವಕಾರ್ರು ತಮ್ಮ ಪಾಠದ ಪ್ರಕಾರ ಅರ್ಧ ಮಾಡಿದರು. ನಾಲ್ಕುನೂರಾ ಐವತ್ತು ರೂಪಾಯಿ! ಇಡೀ ಗಂಟಿಗೆ! ನಾನು ಊಟದ ಡಬ್ಬಿ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ಬರುವುದರೊಳಗೆ ಅವರು ಅಂಗಡಿಯ ನಡುವೆ ನಿಂತು, ಮೊಬೈಲನ್ನು ಬಾಯಿಗೆ ಹಿಡಿದು, ತಮಗೆ ಬರುವಷ್ಟು ಹಿಂದಿಯಲ್ಲಿ ಕುವೈತಿಗೆ ವಾಯ್ಸ್ ಮೆಸೇಜ್ ಕೂಗುತ್ತಿದ್ದರು.

"ಭಾಯ್‌ಸಾಬ್! ಕೌದಿ ಲೇಕೆ ಭೀಕ್ ದಿಯಾ ಕ್ಯಾ? ಹಮಾರಾ ಹೆಣ್ಮಕ್ಕಳ ಉಂಗ್ಲೀ ಮೇ ಸೂಜಿ ಚುಚ್ಚಕೇ ಚುಚ್ಚಕೇ ಸಬ್ ಜಾಳಿಗೀ ಹೋಗಯಾ! ಇತನಾ ಮೇ ದಾರದುಂಡಿ ನಹೀ ಆತಾ! ಥೂ!"

ಕಳಿಸಿಯೂ ಆಗಿತ್ತು. ನಾನು ಚೀಟಿ ನೋಡಿ, ತಲೆ ಮೇಲೆ ಕೈಯಿಟ್ಟುಕೊಂಡು ಕೂತೆ. "ಸಾವಕಾರ್ರ, ಕುವೈತಿನ ದಿನಾರ್ ಒಂದಕ್ಕ ಎರಡುನೂರಾ ಐವತ್ತರ ಮ್ಯಾಲ ರೂಪಾಯಿ ಅದಾವ್ರಿ. ಡಾಲರ್‌ಕಿಂತ ದೊಡ್ಡದು. ಆಂವ ಬರೋಬ್ಬರಿ ಕೊಟ್ಟಾನ."

ಸಾವಕಾರ್ರ ಮುಖ ಒಂದೇ ಸಲಕ್ಕೆ ಕೆಂಪಾಗಿ ಬೆಳ್ಳಗಾಯಿತು. ಕಳಿಸಿದ್ದನ್ನು ಅಳಿಸಲು ನೋಡಿದೆವು. ಅಷ್ಟರಲ್ಲಿ ಆತ ಕೇಳಿಬಿಟ್ಟಿದ್ದ. ಒಳ್ಳೆಯ ಗಿರಾಕಿ ಹೋದ ಅಂತಲೇ ತಿಳಿದೆವು. ಸಾವಕಾರ್ರು ಆ ಮಧ್ಯಾಹ್ನ ಚಹಾ ಸಹಿತ ಕುಡಿಯಲಿಲ್ಲ.

ಸಂಜೆ ಕುವೈತಿನಿಂದ ಉತ್ತರ ಬಂತು. ಅಣ್ಣಾವ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಾಲಿನ ರೇಟು ಏರಿದ್ದು ನನಗ ಗೊತ್ತಿರಲಿಲ್ಲ. ಇನ್ನೂ ಏರೂದರೊಳಗ ಎರಡು ಗಂಟು ಕಳಿಸ್ರಿ, ಹೊಸಾ ರೇಟಿನಾಗ ಕೊಡ್ತೇನಿ. ಇದು ಅವನ ಮಾತಿನ ಸಾರ.

ಸಾವಕಾರ್ರು ಕೂಡಲೇ ಎದ್ದು ಕೂತರು. "ನೋಡಿದಿ? ವ್ಯಾಪಾರದಾಗ ಒಂದೀಟು ಸಿಟ್ಟ ಬೇಕು."

ಮರುದಿನ ಅದೇ ದನಿಯಲ್ಲಿ ಜಪಾನಿಗೂ ಒಂದು ಕಳಿಸಿದರು. ಜಪಾನಿನವರು ಇನ್ನೂ ಉತ್ತರ ಕೊಟ್ಟಿಲ್ಲ.

ಬೇವಿನ ಮರ

ಡಾಲರ್ ರೇಟು ದಿನಾ ಏರಿಳಿಯುತ್ತದೆ ಅನ್ನುವುದು ತಿಳಿದ ಮೇಲೆ ಸಾವಕಾರ್ರಿಗೆ ಊಟ ರುಚಿಸದಂತಾಯಿತು. ಮುಂಜಾನೆ ಎದ್ದ ಕೂಡಲೇ ರೇಟು. ಕ್ಷೌರಕ್ಕೆ ಕೂತಲ್ಲಿ ರೇಟು. ಹತ್ತಿ, ಉಳ್ಳಾಗಡ್ಡಿ ರೇಟು ಮಾತಾಡುತ್ತಿದ್ದ ಚಹಾದಂಗಡಿಯವರು ಈಗ ಇವರನ್ನು ಕಂಡರೆ, "ಸಾವಕಾರ್ರ, ಇವತ್ತು ಡಾಲರ್ ಹೆಂಗ?" ಅನ್ನುತ್ತಿದ್ದರು.

"ಬಿಗಿ ಐತಿ," ಅನ್ನುತ್ತಿದ್ದರು ಇವರು. ಇಲ್ಲವಾದರೆ, "ಸಡ್ಲ ಐತಿ."

ಒಂದು ಸಲ ಬಂದ ಡಾಲರನ್ನು ಇನ್ನೂ ಏರಲಿ, ಇನ್ನೂ ಏರಲಿ ಅಂತ ಹಾಗೇ ಇಟ್ಟರು. ಕೊನೆಗೆ ಗಡುವಿನ ದಿನ ಬಂತು. ಬ್ಯಾಂಕಿನಿಂದ ಫೋನ್. "ಇವತ್ತೇ ಮಾಡ್ಬೇಕು ಸಾರ್. ಇಲ್ಲದಿದ್ದರೆ ನಾವೇ ರೂಪಾಯಿ ಮಾಡಿಬಿಡ್ತೇವೆ."

ನಾವು ಹೋದೆವು. ಅಧಿಕಾರಿ ಮುಂಬಯಿಯ ತಮ್ಮ ಕಚೇರಿಯಲ್ಲಿ ರೇಟು ಹೇಳುವವನಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟ. "ಅವರು ರೇಟು ಹೇಳಿದ ಕೂಡಲೇ ಹೌದು ಅಂತ ಹೇಳಿ. ತಡ ಮಾಡಿದರೆ ಆ ರೇಟು ಹೋಗಿ ಬೇರೆ ಬರ್ತದೆ," ಅಂತ ಎಚ್ಚರಿಸಿದ.

ಮುಂಬಯಿಯವನು ರೂಪಾಯಿ ಹೇಳಿ, "ಹದಿನಾಲ್ಕು ಪೈಸೆ. ಹೌದಾ?" ಅಂದ.

ಸಾವಕಾರ್ರು ನಲವತ್ತು ವರ್ಷ ಸೀರೆ ಮಾರಿದವರು. ಮೊದಲು ಹೇಳಿದ ರೇಟಿಗೆ ಹೂಂ ಅಂದರೆ ಅವರ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ. ಫೋನಿನ ಹತ್ತಿರ ಬಗ್ಗಿ, "ನಮಸ್ಕಾರ್ ಸಾಬ್! ಚಾಯ್ ಹುವಾ ಕ್ಯಾ?" ಅಂದರು.

"ಹನ್ನೊಂದು ಪೈಸೆ. ಹೌದಾ?"

"ಘರ್ ಮೇ ಸಬ್ ಆರಾಮ್?"

"ಒಂಬತ್ತು."

"ಸಾರ್, ಇಳೀತಾ ಉಂಟು!" ಅಂದ ಅಧಿಕಾರಿ.

"ಬರೋಬ್ಬರಿ ಒಂದು ಹೇಳಂತ ಹೇಳ್ರಿ ಅವಗ. ನಾವೇನ ಇವತ್ತ ಬಂದು ನಾಳೆ ಹೋಗೂ ಗಿರಾಕಿ ಅಲ್ಲ."

"ಆರು."

ಸಾವಕಾರ್ರು ಎದ್ದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಇರಲಿ ಬಿಡ್ರಿ. ನಮಗ ಒಗ್ಗಂಗಿಲ್ಲ," ಅಂದು ಸರಸರ ಬಾಗಿಲು ದಾಟಿ ಹೊರಗೆ ಹೋಗಿಬಿಟ್ಟರು.

ಅಧಿಕಾರಿ ಗಾಬರಿಯಾಗಿ ನನ್ನ ಮುಖ ನೋಡಿದ. "ಎಲ್ಲಿ ಹೋದ್ರು ಇವರು?"

"ಎಲ್ಲೂ ಹೋಗಿಲ್ರಿ. ಅಲ್ಲೇ ಬೇವಿನ ಮರದ ಕೆಳಗ ನಿಂತಿರ್ತಾರ. ನೀವು ಹಿಂದಿಂದ ಕರೀತೀರಂತ."

"ನಾನ್ಯಾಕೆ ಕರೀಲಿ?"

"ನಮ್ಮ ಅಂಗಡ್ಯಾಗ ಗಿರಾಕಿ ಎದ್ದು ಹ್ವಾದ್ರ ಕರೀತೇವಲ್ರಿ. 'ಬರ್ರಿ ಅಕ್ಕಾರ, ನಿಮ್ಮ ರೇಟಿಗೇ ಒಯ್ಯಿರಿ' ಅಂತ."

ಫೋನಿನಲ್ಲಿದ್ದ ಮುಂಬಯಿಯವನು, "ಗಿರಾಕಿ ಹೋದರೇ?" ಅಂತ ಕೇಳಿದ. "ಮರದ ಕೆಳಗೆ ಇದ್ದಾರೆ," ಅಂದ ಅಧಿಕಾರಿ. ಮುಂಬಯಿಯವನು ಫೋನ್ ಇಟ್ಟ.

ನಾನು ಕಿಟಕಿಯಿಂದ ನೋಡಿದೆ. ಸಾವಕಾರ್ರು ನಮಗೆ ಬೆನ್ನು ಹಾಕಿ ನಿಂತಿದ್ದರು. ಒಂದು ಕಿವಿ ಮಾತ್ರ ಈ ಕಡೆಗಿತ್ತು. ಹೊತ್ತು ಹೋಗುತ್ತಲೇ ಇತ್ತು, ಬಿಸಿಲು ಏರುತ್ತಲೇ ಇತ್ತು, ಯಾರೂ ಕರೆಯಲಿಲ್ಲ. ಅಧಿಕಾರಿಗೇ ಮರುಕ ಬಂದು ಮತ್ತೆ ಮುಂಬಯಿಗೆ ಹಚ್ಚಿದ. ಅಷ್ಟರಲ್ಲಿ ಪೇಟೆ ತಿರುಗಿತ್ತೋ ಏನೋ, "ಇಪ್ಪತ್ತೊಂದು ಪೈಸೆ," ಅಂದ ಅವನು. ನಾನು ಕಿಟಕಿಯಿಂದಲೇ ಕೂಗಿದೆ, "ಸಾವಕಾರ್ರ, ಇಪ್ಪತ್ತೊಂದಂತ್ರಿ! ಹೂಂ ಅನ್ರಿ!"

"ಹೂಂ!" ಅಂದರು ಸಾವಕಾರ್ರು ಮರದ ಕೆಳಗಿಂದಲೇ. ಆಮೇಲೆ ಮೀಸೆ ತಿರುವುತ್ತ ಒಳಗೆ ಬಂದರು. "ಎದ್ದು ಹ್ವಾದ ಮ್ಯಾಲ ಬಂದ್ನೋ ಇಲ್ಲೋ ದಾರಿಗೆ?"

ಈಗ ಪ್ರತಿ ಸಲ ಅವರು ಬ್ಯಾಂಕಿಗೆ ಬಂದರೆ ಸೀದಾ ಮರದ ಕೆಳಗೇ ಹೋಗುತ್ತಾರೆ. ಬ್ಯಾಂಕಿನವರು ಅಲ್ಲೊಂದು ಕುರ್ಚಿ ಹಾಕಿಸಿದ್ದಾರೆ.

ಒಳಗ ಯಾರರ ಅದಾರೇನು?

ಇದನ್ನು ಹೇಳಬೇಕಾದರೆ ಮೊದಲು ಖಾಲಾ ವಿಷಯ ಹೇಳಬೇಕು. ಲಕ್ಷ್ಮೇಶ್ವರದಲ್ಲಿ ನಮ್ಮ ಕೌದಿ ಹೊಲಿಯುವವರ ಹಿರೀಕ ಅವರು. ಅರವತ್ತು ದಾಟಿದ ಗಟ್ಟಿ ಹೆಣ್ಣುಮಗಳು. ಬಟ್ಟೆ ಹಂಚುವುದು, ಹೊಲಿಗೆ ನೋಡುವುದು, ಪಗಾರ ಹಂಚುವುದು ಎಲ್ಲ ಅವರದೇ. ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ, ಸಾವಕಾರ್ರೂ ಸಹಿತ.

ಆ ವರ್ಷ ಯುಗಾದಿ, ರಮಜಾನ್ ಹಬ್ಬ ಬೆನ್ನು ಬೆನ್ನಿಗೆ ಬಂದಿದ್ದವು. ಅ­ಮೆರಿಕದ ದೊಡ್ಡ ಅಂಗಡಿಯೊಂದು ಕೌದಿ ತರಿಸಿಕೊಂಡು ರೊಕ್ಕ ಕಳಿಸಿತ್ತು. ಅದು ಬಂದರೆ ಎರಡೂ ಹಬ್ಬಕ್ಕೆ ಎಲ್ಲರ ಪಗಾರ. ಆದರೆ ರೊಕ್ಕ ಮುಂಬಯಿಯಲ್ಲಿ ನಿಂತುಬಿಟ್ಟಿತು. ಶಿರಹಟ್ಟಿಯಿಂದ ಫೋನ್, ಡೋಣಿಯಿಂದ ಫೋನ್. "ಮಕ್ಕಳಿಗೆ ಅಂಗಿ ತರಬೇಕ್ರಿ." ನನಗೆ ಫೋನ್ ಎತ್ತಲು ಕೈ ಬರುತ್ತಿರಲಿಲ್ಲ.

ಬ್ಯಾಂಕಿಗೆ ಹೋದರೆ ಅಧಿಕಾರಿಯೂ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. "ನಮ್ಮ ಮುಂಬಯಿ ಕಚೇರಿಯ ತಪಾಸಣೆಯವರು ತಡೆದಿದ್ದಾರೆ. ನಿಮ್ಮ ಬಿಲ್ಲಲ್ಲಿ ಕೌದಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಅವರು ಕೌಡಿ ಅಂತ ಓದಿದ್ದಾರೆ."

"ಓದಲಿ. ಏನಾತೀಗ?"

"ಹಿಂದಿಯಲ್ಲಿ ಕೌಡಿ ಅಂದ್ರೆ ಕವಡೆ ಸಾರ್. ಸಮುದ್ರದ ಕವಡೆ. ಪ್ರಾಣಿಯ ಚಿಪ್ಪು ಹೊರದೇಶಕ್ಕೆ ಕಳಿಸಲು ಪರವಾನಗಿ ಉಂಟಾ ಅಂತ ಕೇಳ್ತಾರೆ. ಒಂದೊಂದು ಕವಡೆಗೆ ಇಷ್ಟೊಂದು ಡಾಲರ್ ಯಾಕೆ ಅಂತಲೂ ಕೇಳ್ತಾರೆ."

ಸಾವಕಾರ್ರು ಕಣ್ಣು ಬಿಟ್ಟರು. "ಗದಗಕ್ಕ ಸಮುದ್ರ ಎಲ್ಲಿಂದ ಬಂತ್ರಿ?"

"ನಮ್ಮ ಊರಲ್ಲಿ ಉಂಟು, ಇಲ್ಲಿ ಇಲ್ಲ ಅಂತ ಬರೆದೆ," ಅಂದ ಅಧಿಕಾರಿ. "ಅದನ್ನು ಓದಿ ಅವರಿಗೆ ನನ್ನ ಮೇಲೇ ಸಂಶಯ ಬಂದಿದೆ."

ಇದು ಹಳೇ ಸೀರೆಯಿಂದ ಹೊಲಿದದ್ದು ಅಂತ ನಾನು ಬರೆದು ಕಳಿಸಿದೆ. 'ಕವಡೆಗಳನ್ನು ಹಳೇ ಸೀರೆಯಲ್ಲಿ ಅಡಗಿಸಿ ಹೊಲಿಯುತ್ತೀರಾ?' ಅಂತ ಉತ್ತರ ಬಂತು. ಕೊನೆಗೆ, ಮಾಡುವವರನ್ನೇ ಕರೆಸಿರಿ, ವಿಡಿಯೋದಲ್ಲಿ ಮಾತಾಡುತ್ತೇವೆ ಅಂದರು. ಸಾವಕಾರ್ರ ಹಿಂದಿಯನ್ನು ಕುವೈತಿನವರು ತಡೆದುಕೊಂಡಿದ್ದೇ ದೊಡ್ಡದು. ಹಾಗಾಗಿ ಖಾಲಾಗೆ ಫೋನ್ ಮಾಡಿದೆ. ಅವರ ಮನೆಮಾತೇ ಹಿಂದುಸ್ತಾನಿ. ಒಂದು ಕೌದಿ ಗಂಟು ಕಟ್ಟಿಕೊಂಡು ಲಕ್ಷ್ಮೇಶ್ವರದ ಬಸ್ಸಿಗೆ ಬಂದಿಳಿದರು. ರಮಜಾನ್ ಉಪವಾಸದ ರೋಜಾ ಹಿಡಿದಿದ್ದರು. ಬ್ಯಾಂಕಿನ ಕುರ್ಚಿ ಗಟ್ಟಿಯಾಯಿತೆಂದು ಆ ಗಂಟನ್ನೇ ಹಾಕಿಕೊಂಡು ಕೂತರು.

"ಖಾಲಾ, ಅವರು ಕೇಳಿದ್ದಕ್ಕಷ್ಟ ಹೇಳ್ರಿ," ಅಂದರು ಸಾವಕಾರ್ರು.

"ರೋಜಾದಾಗ ಅದೇನಿ. ಸುಳ್ಳ ಹೇಳಂಗಿಲ್ಲ," ಅಂದರು ಖಾಲಾ.

ಪರದೆಯ ಮೇಲೆ ಕನ್ನಡಕದ ತರುಣಿಯೊಬ್ಬಳು ಬಂದಳು. ಮಾತೆಲ್ಲ ಹಿಂದುಸ್ತಾನಿಯಲ್ಲೇ ಆಯಿತು, ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಈ ಕೌಡಿ ನಿಮಗೆ ಎಲ್ಲಿ ಸಿಗುತ್ತವೆ?"

"ಸಿಗೂದಲ್ಲ ಬೇಟೀ, ನಾವ ಮಾಡ್ತೀವಿ."

"ಮಾಡುತ್ತೀರಾ? ಹಾಗಾದರೆ ನಕಲಿಯೇ?"

ಖಾಲಾಗೆ ಸಿಟ್ಟು ಬಂತು. "ನಕಲಿ ಯಾಕ? ಅಸಲಿ! ನಮ್ಮವ್ವ, ಅವರವ್ವನ ಕಾಲದಿಂದ ಮಾಡ್ಕೋತ ಬಂದೇವಿ."

"ಕಚ್ಚಾ ಮಾಲು ಎಲ್ಲಿಂದ?"

"ಮನಿ ಮನಿಗೆ ಹೋಗಿ ಕೇಳಿ ತರತೀವಿ. ಬಾಣಂತ್ಯಾರವೂ ಕೊಡ್ತಾರ, ಸತ್ತವರವೂ ಕೊಡ್ತಾರ."

ತರುಣಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಸತ್ತವರ... ಇರಲಿ. ಅದರ ಒಳಗೆ ಜೀವ ಇರುತ್ತದೆಯೇ?"

ಖಾಲಾ ಯೋಚನೆ ಮಾಡಿದರು. ಸಾವಕಾರ್ರು ಪಕ್ಕದಿಂದ ಇಲ್ಲ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಖಾಲಾ ಅವರನ್ನು ಒಮ್ಮೆ ನೋಡಿ, ಮೇಲೆ ಛಾವಣಿಯನ್ನೊಮ್ಮೆ ನೋಡಿ, ನಿಜ ಹೇಳಿದರು. "ಹಳೇವು ಇದ್ದಾಗ ಒಮ್ಮೊಮ್ಮೆ ಇರತೈತಿ."

"ಎಷ್ಟಿರುತ್ತವೆ?"

"ಎಣಸಾಕ ಎಲ್ಲಿ ಆಗತೈತಿ? ಓಡ್ತಾವು."

"ಓಡುತ್ತವೆ! ಆಮೇಲೆ ಏನು ಮಾಡುತ್ತೀರಿ?"

"ಕುದಿಯೂ ನೀರಾಗ ಹಾಕ್ತೀವಿ. ಒಂದೂ ಉಳಿಯಂಗಿಲ್ಲ."

"ಎಲ್ಲರೂ ಹೀಗೇ ಮಾಡುತ್ತಾರೆಯೇ?"

"ಇಲ್ಲ ಬೇಟೀ. ಶಿರಹಟ್ಟ್ಯಾಗ ಬಿಸಲಿಗೆ ಒಗೀತಾರ. ಡೋಣ್ಯಾಗ ಬಡಿಗಿ ತಗೊಂಡು ಬಡೀತಾರ."

ತರುಣಿ ಕನ್ನಡಕ ತೆಗೆದಳು. ಎದ್ದು ಹೋಗಿ ದೊಡ್ಡ ಮೇಡಮ್ಮನನ್ನು ಕರೆದುಕೊಂಡು ಬಂದಳು. ಅಧಿಕಾರಿ ಮೇಜಿನ ಮೇಲೆ ತಲೆಯಿಟ್ಟುಬಿಟ್ಟ. ಸಾವಕಾರ್ರು, "ತಿಗಣಿ ರೀ! ಆಕಿ ತಿಗಣಿ ಮಾತ ಹೇಳಾಕತ್ತಾಳ!" ಅಂತ ಕನ್ನಡದಲ್ಲಿ ಕೂಗುತ್ತಿದ್ದರು. ದೊಡ್ಡ ಮೇಡಮ್ಮ, "ಈಗ ಬಡಿಯುತ್ತಿರುವುದು ಯಾರನ್ನು?" ಅಂತ ಕೇಳಿದರು.

ನನಗೆ ಆಗ ಹೊಳೆಯಿತು. "ಖಾಲಾ, ಏಳ್ರಿ! ಕುಂತದ್ದನ್ನ ತೋರಸ್ರಿ!"

ಖಾಲಾ ಎದ್ದು, ಗಂಟು ಬಿಚ್ಚಿ, ಕೌದಿಯನ್ನು ಕಂಪ್ಯೂಟರಿನ ಮುಂದೆ ಜಾಡಿಸಿ ಹಿಡಿದರು. ಪರದೆಯ ತುಂಬ ಕೆಂಪು, ಹಳದಿ, ಹಸಿರು ತುಂಡುಗಳು, ಸಾಲು ಸಾಲು ಬಿಳಿ ಹೊಲಿಗೆ. ಅದನ್ನು ಕಂಡದ್ದೇ ದೊಡ್ಡ ಮೇಡಮ್ಮ ಮರಾಠಿಯಲ್ಲಿ ಕಿರುಚಿದರು. "ಅಗ ಬಾಯೀ! ಹೀ ತರ ಗೋಧಡೀ!"

ಮರಾಠಿಯ ಗೋಧಡಿ ಅಂದರೆ ನಮ್ಮ ಕೌದಿ, ಅವರ ಮನೆಯಲ್ಲೂ ಹಾಸಿಗೆಗೆ ಅದೇ ಇತ್ತಂತೆ. ಎರಡೂ ಕಡೆ ನಗು ನಿಲ್ಲಲೊಲ್ಲದು. ಯಾಕೆ ನಗುತ್ತಾರೆಂದು ಖಾಲಾ ಒಬ್ಬರಿಗೇ ತಿಳಿಯಲಿಲ್ಲ. ಮರುದಿನ ರೊಕ್ಕ ಬಂತು. ಎರಡೂ ಹಬ್ಬಕ್ಕೆ ಮೊದಲು ಎಲ್ಲರ ಪಗಾರ ಮುಟ್ಟಿತು. ಸಾವಕಾರ್ರು ಶೀರಕುರ್ಮಾ ಪಾಯಸ ಉಣ್ಣಲು ಲಕ್ಷ್ಮೇಶ್ವರಕ್ಕೂ ಹೋಗಿ ಬಂದರು.

ಒಂದೇ ತೊಡಕು ಉಳಿಯಿತು. ಖಾಲಾ ಹೇಳಿದ್ದೆಲ್ಲ ಮುಂಬಯಿಯಲ್ಲಿ ದಾಖಲಾಗಿಬಿಟ್ಟಿತ್ತು. ಹಾಗಾಗಿ ಇನ್ನು ಮುಂದೆ ಪ್ರತಿ ಸಲ ಮಾಲು ಕಳಿಸುವಾಗ, ಒಳಗೆ ಯಾವ ಜೀವಿಯೂ ಇಲ್ಲ ಅಂತ ಮಾಡಿದವರೇ ಸಹಿ ಹಾಕಿ ಕೊಡಬೇಕೆಂದು ಅಪ್ಪಣೆಯಾಯಿತು. ಖಾಲಾ ಅದನ್ನು ಹಗುರವಾಗಿ ತೆಗೆದುಕೊಂಡಿಲ್ಲ. ನೋಡದೆ ಸಹಿ ಹಾಕುವವರಲ್ಲ ಅವರು. ಲಾರಿ ಬಂದು ನಿಂತಿರುತ್ತದೆ, ಹಮಾಲರು ಕಾಯುತ್ತಿರುತ್ತಾರೆ. ಖಾಲಾ ಒಂದೊಂದೇ ಗಂಟಿನ ಮುಂದೆ ಬಗ್ಗಿ, ಬಾಗಿಲು ತಟ್ಟಿದ ಹಾಗೆ ತಟ್ಟಿ, ಕಿವಿಯಿಟ್ಟು ಕೇಳುತ್ತಾರೆ.

"ಒಳಗ ಯಾರರ ಅದೀರೇನ್ರೋ?"

ಉತ್ತರ ಬರದಿದ್ದರೆ ಸಹಿ ಹಾಕುತ್ತಾರೆ.